ಒಂದು ಗುಡ್ಡದ ಎರಡು ನೀರು

ಹೈದರಾಬಾದಿನಲ್ಲಿ ಎರಡು ಮೂರು ಮಳೆಗಾಲ ಕಳೆದ ಯಾವ ಕನ್ನಡಿಗನಿಗೂ ಅನಂತಗಿರಿ ಹೊಸ ಹೆಸರಲ್ಲ. ನಗರದಿಂದ ಪಶ್ಚಿಮಕ್ಕೆ ಸುಮಾರು 75 ಕಿ.ಮೀ. ಹೋದರೆ ವಿಕಾರಾಬಾದ್. ಅಲ್ಲಿಂದ ಐದಾರು ಕಿ.ಮೀ. ಆಚೆಗೆ ರಸ್ತೆ ಮೆಲ್ಲಗೆ ಏರುತ್ತದೆ, ಎರಡೂ ಬದಿಗೆ ಕಾಡು ಸೇರಿಕೊಳ್ಳುತ್ತದೆ. ಬಂಡೆ ಮತ್ತು ಬಿಸಿಲು ಬಿಟ್ಟರೆ ಬೇರೇನೂ ಇಲ್ಲ ಎಂದು ನಾವು ನಂಬಿಕೊಂಡ ತೆಲಂಗಾಣದಲ್ಲಿ ಇಷ್ಟು ಹಸಿರು ಎಲ್ಲಿತ್ತು ಅನ್ನಿಸುವಷ್ಟು ಹಸಿರು. ಭಾನುವಾರ ಬಂತೆಂದರೆ ಬುತ್ತಿ ಕಟ್ಟಿಕೊಂಡು ಬರುವ ಸಂಸಾರಗಳು, ಕೋಟಿಪಲ್ಲಿ ಜಲಾಶಯದಲ್ಲಿ ದೋಣಿ ನಡೆಸುವ ಹುಡುಗರು, ಅನಂತಪದ್ಮನಾಭ ಸ್ವಾಮಿಯ ದರ್ಶನಕ್ಕೆ ನಿಂತ ಭಕ್ತರು. ಬಂದವರು ಗುಡ್ಡ ನೋಡುತ್ತಾರೆ, ಮಳೆ ಚೆನ್ನಾಗಿ ಆಗಿದ್ದರೆ ಕಣಿವೆಯ ಸಣ್ಣ ಜಲಪಾತ ನೋಡುತ್ತಾರೆ, ಮಿರ್ಚಿ ಭಜ್ಜಿ ತಿಂದು ಸಂಜೆಯೊಳಗೆ ಮನೆ ಸೇರುತ್ತಾರೆ.

ಆದರೆ ಈ ಗುಡ್ಡಸಾಲಿಗೆ ಇನ್ನೊಂದು ಗುಣವಿದೆ. ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಹೋಗುತ್ತದೆ. ಪೂರ್ವದ ಇಳಿಜಾರಿಗೆ ಬಿದ್ದದ್ದು ಮೂಸಿಯಾಗಿ ಹೈದರಾಬಾದಿಗೆ. ಪಶ್ಚಿಮದ ಇಳಿಜಾರಿಗೆ ಬಿದ್ದದ್ದು ಕಾಗಿಣಾ ಆಗಿ ತಾಂಡೂರು, ಸೇಡಂ ದಾಟಿ ಮಳಖೇಡಕ್ಕೆ. ಅಂದರೆ ಒಂದು ಹನಿ ಚಾರ್‌ಮಿನಾರಿನ ಊರಿಗೆ ಹೋದರೆ, ಅದರ ಪಕ್ಕದ ಹನಿ ನೃಪತುಂಗನ ರಾಜಧಾನಿಗೆ ಹೋಗುತ್ತದೆ. ಹೈದರಾಬಾದಿನಲ್ಲಿ ಬದುಕುವ ಕನ್ನಡಿಗನ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ, ನಾನು ಕಾಚಿಗುಡದಿಂದ ಅಲ್ಲ, ಈ ಗುಡ್ಡದಿಂದ ಅನ್ನುತ್ತೇನೆ.

ಇದನ್ನು ನನಗೆ ತೋರಿಸಿಕೊಟ್ಟವರು ಸೇಡಂ ಕಡೆಯ ಒಬ್ಬ ಹಿರಿಯರು. ನಮ್ಮ ಬಡಾವಣೆಯ ಕನ್ನಡದವರೆಲ್ಲ ಅವರನ್ನು ಕಾಕಾ ಎಂದೇ ಕರೆಯುವುದು. ಎಪ್ಪತ್ತು ದಾಟಿದ್ದರೂ ನಡಿಗೆಯಲ್ಲಿ ನನಗಿಂತ ಮುಂದೆ. ಒಂದು ಆಗಸ್ಟಿನ ಬೆಳಿಗ್ಗೆ ಲಿಂಗಂಪಲ್ಲಿಯಲ್ಲಿ ರೈಲು ಹತ್ತಿ ವಿಕಾರಾಬಾದಿನಲ್ಲಿ ಇಳಿದೆವು. ಆಟೋ ಬೇಡವೆಂದರು. "ಗುಡ್ಡಕ್ಕ ನಡಕೋತ ಹೋಗಬೇಕು ತಮ್ಮಾ, ಗಾಡಿಯಾಗ ಹೋದ್ರ ಗುಡ್ಡ ನಮ್ಮನ್ನ ನೋಡ್ತದ, ನಾವು ಗುಡ್ಡ ನೋಡಂಗಿಲ್ಲ."

ಊರು ಮುಗಿದ ಮೇಲೆ ದಾರಿಯ ಮಣ್ಣು ಕೆಂಪಾಗುತ್ತದೆ. ಕರಾವಳಿಯವರು ಮುರಕಲ್ಲು ಎನ್ನುವ, ತೂತು ತೂತಾದ ಕೆಂಪು ಕಲ್ಲು ಇದು. ಕೆಳಗೆ ಗಟ್ಟಿ ಕಪ್ಪು ಕಲ್ಲು, ಅದರ ಮೇಲೆ ಟೊಪ್ಪಿಗೆ ಇಟ್ಟಂತೆ ಈ ಕೆಂಪು ಪದರ. ಬೀದರದ ಕೋಟೆ ನಿಂತಿರುವುದೂ ಇಂಥದೇ ಕಲ್ಲಿನ ಮೇಲೆ. ಮಳೆಯ ನೀರು ಈ ಕೆಂಪು ಕಲ್ಲಿನೊಳಗೆ ಇಂಗುತ್ತದೆ, ಕೆಳಗಿನ ಗಟ್ಟಿ ಕಲ್ಲು ಅದನ್ನು ತಡೆಯುತ್ತದೆ, ಎರಡೂ ಕೂಡುವ ಕಡೆ ಗುಡ್ಡದ ಪಕ್ಕೆಯಿಂದ ಒರತೆಯಾಗಿ ಹೊರಬರುತ್ತದೆ. ಬೀದರದ ಝರಣಿ ನರಸಿಂಹನ ಗುಹೆಯ ನೀರು, ನಾನಕ್ ಝೀರಾದ ನೀರು, ಬಹಮನಿಯರ ಕಾಲದಲ್ಲಿ ತೋಡಿದ ಸುರಂಗ ಬಾವಿಗಳ ನೀರು, ಎಲ್ಲದರ ಗುಟ್ಟೂ ಇದೇ. ಅನಂತಗಿರಿಯ ಹತ್ತಿರದ ಬುಗ್ಗ ರಾಮೇಶ್ವರದಲ್ಲಿ ಬುಗ್ಗೆ ಸದಾ ಹರಿಯುವುದೂ, ಅನಂತಪದ್ಮನಾಭನ ಗುಡಿಯ ಕೆಳಗೆ ಪುಷ್ಕರಿಣಿ ಇರುವುದೂ ಇದರಿಂದಲೇ. ಪುರಾಣ ಬೇರೆ ಹೇಳುತ್ತದೆ. ಮಾರ್ಕಂಡೇಯ ಋಷಿ ಇಲ್ಲಿ ತಪಸ್ಸು ಮಾಡಿದ, ಮುಚುಕುಂದ ರಾಜ ಇಲ್ಲಿಯ ಗುಹೆಯಲ್ಲಿ ಮಲಗಿದ್ದ, ಅವನು ಭಗವಂತನ ಪಾದ ತೊಳೆದ ನೀರೇ ಮುಚುಕುಂದಾ ನದಿಯಾಯಿತು, ಮುಚುಕುಂದಾ ಜನರ ಬಾಯಲ್ಲಿ ಮೂಸಿಯಾಯಿತು. ಎರಡು ಮಾತನ್ನೂ ಕೇಳಿಸಿಕೊಂಡು ನಡೆಯಬಹುದು, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಹಳೆಯ ಕ್ಷಯರೋಗದ ಆಸ್ಪತ್ರೆ ದಾಟಿದೆವು. ಔಷಧಕ್ಕಿಂತ ಗಾಳಿಯನ್ನೇ ಹೆಚ್ಚು ನಂಬಿದ್ದ ಕಾಲದಲ್ಲಿ ಹೈದರಾಬಾದಿನ ಎದೆರೋಗಿಗಳನ್ನು ಇಂಥ ಗುಡ್ಡಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ಮುಂದೆ ಕಾಲುದಾರಿ. ಸೀತಾಫಲದ ಪೊದೆ, ತೇಗ, ಮುತ್ತುಗ. ಒಂದು ತಿರುವಿನಲ್ಲಿ ಮರಗಳು ಸರಿದು ಕಣಿವೆ ತೆರೆಯಿತು. ಒಂದರ ಹಿಂದೆ ಒಂದು ಗುಡ್ಡ, ಮಲೆನಾಡಿನ ಹಾಗೆ ಎತ್ತರದವಲ್ಲ, ಮಲಗಿದ ಎಮ್ಮೆಗಳ ಬೆನ್ನಿನಂತೆ ಉದ್ದಕ್ಕೆ ಚಾಚಿದವು. ಕೆಳಗಿಳಿದಾಗ ನೀರಿನ ಸದ್ದು ಕೇಳಿಸಿತು. ಕೆಂಪು ಬಂಡೆಯ ಅಂಚಿನಿಂದ ನೀರು ಇಳಿಯುತ್ತಿತ್ತು. ಜೋಗ ಕಂಡವರು ಇದನ್ನು ಜಲಪಾತ ಅನ್ನಲು ನಾಚಬಹುದು. ಆದರೆ ಬಯಲುಸೀಮೆಯ ಜನಕ್ಕೆ ಬಿದ್ದ ನೀರೆಲ್ಲ ಜಲಪಾತವೇ.

"ಈ ನೀರು ಯಾವ ಕಡೆಗೆ ಹೋಗುತ್ತೆ ಕಾಕಾ?" ಎಂದೆ.

"ಇದು ನಿಮ್ಮ ಅಫ್ಜಲ್‌ಗಂಜಿಗಿ. ಆ ದಿಬ್ಬದ ಆಚೀಕಿ ಬಿದ್ದದ್ದು ನಮ್ಮೂರಿಗಿ" ಎಂದರು. ಆಮೇಲೆ ಬಂಡೆಯ ಮೇಲೆ ಕೂತು, ಬೂಟು ಬಿಚ್ಚಿ, ನೀರಿಗೆ ಕಾಲು ಬಿಟ್ಟರು. "ನಮ್ಮಪ್ಪ ಸೇಡಂನಿಂದ ಹೈದ್ರಾಬಾದಿಗಿ ನೌಕರಿಗಿ ಬಂದಾಗ ಊರು ಬಿಟ್ಟು ಊರಿಗಿ ಬಂದಿದ್ದ ಅಷ್ಟೇ. ಛಪ್ಪನ್ನಾಗ ಕುಂತಲ್ಲೇ ಪರದೇಶಿ ಆದ ನೋಡು."

ಛಪ್ಪನ್ ಎಂದರೆ 1956. ಆ ಒಂದು ಮಾತಿನಲ್ಲಿ ಒಂದು ತಲೆಮಾರಿನ ಚರಿತ್ರೆ ಇದೆ. ಅದನ್ನು ಬಿಡಿಸಿ ನೋಡಲು ಎರಡು ನೀರುಗಳ ಬೆನ್ನು ಹತ್ತಿ ಹೋಗಬೇಕು.

ಮೊದಲು ಪಶ್ಚಿಮದ ನೀರು. ಕಾಗಿಣಾ ದಂಡೆಯ ಮಳಖೇಡವೇ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಆರು ದಶಕಕ್ಕೂ ಮೀರಿ ಆಳಿದ್ದು ಇಲ್ಲಿಂದ. ಕನ್ನಡದಲ್ಲಿ ಈಗ ನಮಗೆ ಸಿಕ್ಕಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದು ಹೇಳುವುದು ಶಾಲೆಯ ಮಕ್ಕಳಿಗೂ ಗೊತ್ತು. ಆ ಲೆಕ್ಕದಲ್ಲಿ ಅನಂತಗಿರಿ ನಾಡಿನ ಗಡಿಯಲ್ಲ, ಒಳಗೇ ಇದ್ದ ಗುಡ್ಡ. ಇನ್ನೂ ಪೂರ್ವಕ್ಕೆ, ಈಗಿನ ತೆಲಂಗಾಣದ ವೇಮುಲವಾಡದಲ್ಲಿ ರಾಷ್ಟ್ರಕೂಟರ ಸಾಮಂತ ಅರಿಕೇಸರಿಯ ಆಶ್ರಯದಲ್ಲಿ ಪಂಪ ಬರೆದ. ಅವನ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನ ಹಾಕಿಸಿದ. 972ರಲ್ಲಿ ಮಾಳ್ವದ ಪರಮಾರರು ಮಾನ್ಯಖೇಟವನ್ನು ಲೂಟಿ ಮಾಡಿದರು, ರಾಜಧಾನಿ ಹಾಳಾಯಿತು. ಇವತ್ತು ಅಲ್ಲಿ ಹೋದರೆ ನದಿಯ ದಂಡೆಗೆ ಕೋಟೆ, ಹಳೆಯ ಬಸದಿ, ಉತ್ತರಾದಿ ಮಠ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಹೊಗೆ. ಆದರೆ ನೃಪತುಂಗನ ಹೆಸರು ಹೈದರಾಬಾದಿಗೆ ಬಂತು. ಕಾಚಿಗುಡದಲ್ಲಿ ಕನ್ನಡಿಗರು ಕಟ್ಟಿದ ಶಾಲೆಗೆ ಇಟ್ಟದ್ದು ಅದೇ ಹೆಸರು. ಅಲ್ಲೇ ಸಮೀಪದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೂ ಇದೆ. ಪಶ್ಚಿಮಕ್ಕೆ ಹರಿದುಹೋದ ನೀರಿನ ದಂಡೆಯ ಹೆಸರು ಪೂರ್ವಕ್ಕೆ ಹರಿದ ನೀರಿನ ಊರಿನಲ್ಲಿ ಬೋರ್ಡಾಗಿ ನಿಂತಿದೆ.

ಇನ್ನು ಪೂರ್ವದ ನೀರು. 1591ರಲ್ಲಿ ಕುತುಬ್‌ಷಾಹಿಗಳು ಹೈದರಾಬಾದ್ ಕಟ್ಟಿದ್ದು ಮೂಸಿಯ ದಂಡೆಯಲ್ಲಿ. ನದಿ ಸಾಧುವಾಗಿ ಕಾಣುತ್ತಿತ್ತು. 1908ರ ಸೆಪ್ಟೆಂಬರ್ 28ರಂದು ಅದು ಊರನ್ನು ನುಂಗಿತು. ಮೇಲಿನ ಸೀಮೆಯಲ್ಲಿ ಒಂದೇ ಸಮನೆ ಮಳೆ. ಮೂಸಿಯ ಜಲಾನಯನದಲ್ಲಿ ಆಗ 700ಕ್ಕೂ ಹೆಚ್ಚು ಕೆರೆಗಳಿದ್ದವು. ಅವುಗಳಲ್ಲಿ 200ಕ್ಕೂ ಹೆಚ್ಚು ಒಂದರ ಮೇಲೊಂದು ಒಡೆದವು. ಮೇಲಿನ ಕೆರೆಯ ನೀರು ಕೆಳಗಿನ ಕೆರೆಯ ಏರಿಗೆ ಬಂದು ಹೊಡೆದು, ಅದೂ ಒಡೆದು, ಎಲ್ಲ ಸೇರಿ ಅಫ್ಜಲ್‌ಗಂಜಿಗೆ ನುಗ್ಗಿತು. ಸತ್ತವರು ಹತ್ತು ಹದಿನೈದು ಸಾವಿರ ಎಂದು ಅಂದಾಜು. ಆಸ್ಪತ್ರೆಯ ಆವರಣದ ಒಂದು ಹುಣಸೆ ಮರ ಹತ್ತಿ ಸುಮಾರು 150 ಜನ ಬದುಕಿದರು. ಆ ಮರ ಇವತ್ತಿಗೂ ಇದೆ.

ಆಗ ನಿಜಾಮ್ ಸರ್ಕಾರ ಕರೆಸಿದ್ದು ಒಬ್ಬ ಕನ್ನಡಿಗನನ್ನು. ಮುಂಬಯಿ ಸರ್ಕಾರದ ನೌಕರಿ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯ 1909ರಲ್ಲಿ ಹೈದರಾಬಾದಿಗೆ ಬಂದರು. ಅವರು ಊರಿನ ನಡುವೆ ಗೋಡೆ ಕಟ್ಟುವುದನ್ನಷ್ಟೇ ಯೋಚಿಸಲಿಲ್ಲ. ಮೇಲಕ್ಕೆ ಹೋಗಿ ನೋಡಿದರು. ಎಷ್ಟು ಚದರ ಮೈಲಿಯ ನೀರು ಇಲ್ಲಿಗೆ ಬರುತ್ತದೆ, ಎಷ್ಟು ಕೆರೆ, ಎಲ್ಲಿ ಎಷ್ಟು ಇಂಚು ಮಳೆ ಎಂದು ಲೆಕ್ಕ ಹಾಕಿದರು. ಕೆಳಗಿನ ಊರನ್ನು ಉಳಿಸಬೇಕಾದರೆ ಮೇಲೆ ನೀರಿಗೆ ಜಾಗ ಕೊಡಬೇಕು ಎಂಬುದು ಅವರ ವರದಿಯ ಸಾರ. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿಗೆ ಹೋಗಿ, ದಿವಾನರಾಗಿ, ಆ ಹುದ್ದೆಯನ್ನೂ ಬಿಟ್ಟಾಗಿತ್ತು. ಉಸ್ಮಾನ್ ಸಾಗರವನ್ನು ಜನ ಕರೆಯುವುದು ಗಂಡಿಪೇಟೆ ಕೆರೆ ಎಂದು. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದ್ ಬಿಟ್ಟು ಹೋಗಲಾರ ಎಂಬ ಗಾದೆಯಂಥ ಮಾತು ಹಳೆಯ ಊರಿನಲ್ಲಿದೆ. ಹೊರಗಿನಿಂದ ಬಂದವರನ್ನು ಹಿಡಿದಿಡುವ ಆ ನೀರಿನ ಹಿಂದೆ ಹೊರಗಿನಿಂದ ಬಂದ ಒಬ್ಬ ಮುದ್ದೇನಹಳ್ಳಿಯವನ ಲೆಕ್ಕಾಚಾರವಿದೆ.

ವಿಶ್ವೇಶ್ವರಯ್ಯನವರಿಗೆ ಹೈದರಾಬಾದ್ ಪರನಾಡು. ತುಮಕೂರು ಸೀಮೆಯಿಂದ ಬಂದ ನನಗೂ ಅಷ್ಟೇ. ಆದರೆ ಕಾಕಾನ ತಂದೆಗೆ? ಕಲಬುರಗಿ, ರಾಯಚೂರು, ಬೀದರ ಆಗ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳು. ದೊಡ್ಡ ಕೋರ್ಟು ಮೂಸಿಯ ದಂಡೆಯಲ್ಲಿ, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಅಲ್ಲಿ, ಕಚೇರಿ ಅಲ್ಲಿ, ಮದುವೆಯ ಸೀರೆ ಕೂಡ ಅಲ್ಲಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದ ಮೇಲೆ ದಾರಿ ಇನ್ನೂ ಸಲೀಸಾಯಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ಧಾರೂರು, ವಿಕಾರಾಬಾದ್. ರೈಲು ಕಾಗಿಣಾ ಬಯಲಿನಲ್ಲಿ ನೀರಿಗೆ ಎದುರಾಗಿ ಏರುತ್ತ ಬರುತ್ತದೆ, ವಿಕಾರಾಬಾದಿನ ದಿಣ್ಣೆ ದಾಟಿ ಮೂಸಿಯ ಕಡೆಗೆ ಇಳಿಯುತ್ತದೆ. ನದಿ ಜನರನ್ನು ಬೇರೆ ಮಾಡಿದ ಕಡೆಯಲ್ಲೇ ಕಬ್ಬಿಣದ ಹಳಿ ಜೋಡಿಸಿತು. ಭಾಷೆಯ ತೊಂದರೆ ಇರಲಿಲ್ಲ ಎಂದಲ್ಲ. ಆಡಳಿತ ಉರ್ದುವಿನಲ್ಲಿ, ಕಾಲೇಜು ಉರ್ದುವಿನಲ್ಲಿ, ಕನ್ನಡದಲ್ಲಿ ಕಲಿಯಬೇಕೆನ್ನುವ ಮಕ್ಕಳಿಗೆ ಜಾಗ ಕಡಿಮೆ. ಆದರೂ ಅದು ತನ್ನದೇ ಮನೆಯಲ್ಲಿ ಅನುಭವಿಸುವ ಕಷ್ಟ, ಪರದೇಶದ ಕಷ್ಟವಲ್ಲ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. ಎಂಟು ವರ್ಷದ ಮೇಲೆ, 1956ರ ನವೆಂಬರ್ 1ಕ್ಕೆ, ಹೈದರಾಬಾದ್ ರಾಜ್ಯವೇ ಭೂಪಟದಿಂದ ಹೋಯಿತು. ಮರಾಠಿ ಜಿಲ್ಲೆಗಳು ಮುಂಬಯಿಗೆ, ಕನ್ನಡ ಜಿಲ್ಲೆಗಳು ಮೈಸೂರಿಗೆ, ತೆಲುಗು ಜಿಲ್ಲೆಗಳು ಆಂಧ್ರಕ್ಕೆ. ಜಿಲ್ಲೆಗಳನ್ನೂ ಹಾಗೆ ಹಾಗೆಯೇ ಕೊಡಲಿಲ್ಲ, ಅಂಚು ಕತ್ತರಿಸಿ ಕೊಟ್ಟರು. ಗುಲಬರ್ಗಾದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು, ರಾಯಚೂರಿನ ಗದ್ವಾಲ, ಆಲಂಪುರ, ಬೀದರದ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ ಹೋದವು. ಭಾಷೆಯ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಭಾಷೆಯ ಗೆರೆ, ನೀರಿನ ಗೆರೆ ಒಂದೇ ಕಡೆ ಬೀಳಲಿಲ್ಲ. ನೀರು ಬೇರಾಗುವುದು ಅನಂತಗಿರಿಯಲ್ಲಿ, ರಾಜ್ಯ ಬೇರಾಗುವುದು ತಾಂಡೂರಿನ ಆಚೆ. ಹಾಗಾಗಿ ತಾಂಡೂರಿನ ಮಳೆನೀರು ಸೇಡಂ ಕಡೆಗೆ ಹರಿಯುತ್ತದೆ, ತಾಂಡೂರಿನ ಅರ್ಜಿ ಹೈದರಾಬಾದಿನ ಕಡೆಗೆ ಹೋಗುತ್ತದೆ. 2016ರಲ್ಲಿ ವಿಕಾರಾಬಾದ್ ಜಿಲ್ಲೆಯಾದಾಗ ಹಳೆಯ ಗುಲಬರ್ಗಾದ ಈ ತುಣುಕುಗಳು ಅದರಲ್ಲಿ ಸೇರಿದವು. ಗೆರೆಯ ಈಚೆಗೂ ಅದೇ ಕಥೆ. ಚಿಂಚೋಳಿಯ ಕಾಡಿನಲ್ಲಿ ಒಂದು ಜಲಪಾತವಿದೆ, ಹೆಸರು ಎತ್ತಿಪೋತ. ನೆಲ ಕರ್ನಾಟಕದ್ದು, ಹೆಸರು ತೆಲುಗಿನದು, ಎತ್ತಿ ಸುರಿದದ್ದು ಎಂದು ಅರ್ಥ. ಅಲ್ಲಿಯವರು ಅದರ ಬಗ್ಗೆ ಜಗಳ ತೆಗೆದದ್ದನ್ನು ನಾನು ಕೇಳಿಲ್ಲ.

ಕಾಗದದ ಮೇಲೆ ಬೇರಾದದ್ದು ಹೊಟ್ಟೆಪಾಡಿನಲ್ಲಿ ಅಷ್ಟು ಬೇಗ ಬೇರಾಗುವುದಿಲ್ಲ. ಹೈದರಾಬಾದಿನ ಹಳೆಯ ಮನೆಗಳ ನೆಲಕ್ಕೆ ಹಾಸಿದ್ದು ತಾಂಡೂರು ಕಲ್ಲು ಅಥವಾ ಶಹಾಬಾದ್ ಕಲ್ಲು. ಎರಡೂ ಒಂದೇ ಸುಣ್ಣಕಲ್ಲಿನ ಹಾಸಿನವು. ಇವತ್ತು ಹೈಟೆಕ್ ಸಿಟಿಯ ಗೋಪುರಗಳಿಗೆ ಬೇಕಾದ ಸಿಮೆಂಟನ್ನು ಸುಡುವ ಸೇಡಂ, ಮಳಖೇಡ, ವಾಡಿ, ತಾಂಡೂರು ಕಾರ್ಖಾನೆಗಳು ನಿಂತಿರುವುದೂ ಅದೇ ಕಲ್ಲಿನ ಮೇಲೆ. ತೊಗರಿಯೂ ಹಾಗೆಯೇ. ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕ ಕೆಲವೇ ವರ್ಷಗಳಲ್ಲಿ, 2022ರಲ್ಲಿ, ತಾಂಡೂರಿನ ತೊಗರಿಗೂ ಸಿಕ್ಕಿತು. ಒಂದೇ ನದಿಯ ಬಯಲಿನ ಬೇಳೆಗೆ ಎರಡು ಸರ್ಟಿಫಿಕೇಟು. "ಬ್ಯಾಳಿ ಕುದಿಸಿದ್ರ ಯಾವುದು ಯಾ ರಾಜ್ಯದ್ದಂತ ಹೇಳ್ತೀ ಏನು ತಮ್ಮಾ?" ಎಂದು ಕಾಕಾ ಕೇಳುತ್ತಾರೆ. ನನ್ನ ಕೈಯಲ್ಲಿ ಆಗುವುದಿಲ್ಲ.

ನೀರಿನ ಕಥೆ ಗುಡ್ಡದಲ್ಲಿ ಬೇರಾದದ್ದಕ್ಕೆ ಮುಗಿಯುವುದಿಲ್ಲ. ಕಾಗಿಣಾ ಭೀಮೆಗೆ ಸೇರುತ್ತದೆ, ಭೀಮೆ ಕೃಷ್ಣೆಗೆ. ಕೃಷ್ಣೆ ರಾಯಚೂರು ದಾಟಿ, ಶ್ರೀಶೈಲ ದಾಟಿ ನಾಗಾರ್ಜುನ ಸಾಗರಕ್ಕೆ ಬಂದು ನಿಲ್ಲುತ್ತದೆ. ಇತ್ತ ಮೂಸಿ ಸುಮಾರು 240 ಕಿ.ಮೀ. ಹರಿದು, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಅದೇ ಕೃಷ್ಣೆಗೆ ಸೇರುತ್ತದೆ. ಅನಂತಗಿರಿಯಲ್ಲಿ ಬೆನ್ನು ತಿರುಗಿಸಿ ಹೋದ ಎರಡು ನೀರು ವಾಡಪಲ್ಲಿಯಲ್ಲಿ ಕೂಡುತ್ತವೆ. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಗಂಡಿಪೇಟೆಯ ನೀರು ಬೆಳೆದ ಹೈದರಾಬಾದಿಗೆ ಸಾಲದಾಯಿತು. 1960ರ ದಶಕದಲ್ಲಿ ಬೀದರದ ಮೇಲೆ ಹಾದು ಬರುವ ಮಾಂಜ್ರಾ ನೀರು ತಂದರು. 2004ರಿಂದ ನಾಗಾರ್ಜುನ ಸಾಗರದ ಕೃಷ್ಣೆಯ ನೀರನ್ನೂ ನೂರಕ್ಕೂ ಹೆಚ್ಚು ಕಿ.ಮೀ. ಮೇಲಕ್ಕೆತ್ತಿ ತರುತ್ತಿದ್ದಾರೆ. ಯಾವ ಹನಿ ಯಾವ ಊರಿನದೆಂದು ಯಾರೂ ಹೇಳಲಾರರು. ಆದರೆ ದಾರಿಯಂತೂ ಇದೆ. ಅನಂತಗಿರಿಯ ಪಶ್ಚಿಮಕ್ಕೆ ಬಿದ್ದ ಮಳೆ ಮಳಖೇಡದ ಕೋಟೆಯ ಕೆಳಗೆ ಹಾದು, ಭೀಮೆ ಕೃಷ್ಣೆಗಳನ್ನು ಸುತ್ತಿ ಬಂದು ಹೈದರಾಬಾದಿನ ನಲ್ಲಿಯಲ್ಲಿ ಬೀಳಬಹುದು. ಬಳಸಿ ಚೆಲ್ಲಿದ ಮೇಲೆ ಅದು ಮೂಸಿಗೇ ಹೋಗುತ್ತದೆ. ಅಲ್ಲಿಗೆ ಕಾಗಿಣಾ ಕೂಡ ಹೈದರಾಬಾದಿಗೆ ವಲಸೆ ಬಂದ ಹಾಗಾಯಿತು.

ಮೂಸಿ ಈಗ ಊರಿನೊಳಗೆ ಮೂಗು ಮುಚ್ಚಿಕೊಂಡು ದಾಟುವ ನದಿ. ಕಲಬುರಗಿ, ಬೀದರ, ರಾಯಚೂರಿನ ಬಸ್ಸುಗಳು ಬಂದು ನಿಲ್ಲುವ ಇಮ್ಲಿಬನ್ ನಿಲ್ದಾಣ ಇರುವುದು ಅದರ ಪಾತ್ರದಲ್ಲೇ. 2025ರ ಸೆಪ್ಟೆಂಬರಿನಲ್ಲಿ ಮೇಲಿನ ಎರಡೂ ಜಲಾಶಯಗಳ ಬಾಗಿಲು ತೆರೆದಾಗ ನಿಲ್ದಾಣದೊಳಗೆ ನೀರು ನುಗ್ಗಿ ಪ್ರಯಾಣಿಕರು ಸಿಕ್ಕಿಬಿದ್ದರು. ಮೇಲೆ ಆಗುವುದು ಕೆಳಗೆ ಮುಟ್ಟುತ್ತದೆ ಎಂಬ 1909ರ ಪಾಠ ಹಳೆಯದಾಗಿಲ್ಲ. ಅನಂತಗಿರಿಯ ಸಮೀಪದ ದಾಮಗುಂಡಂ ಕಾಡಿನಲ್ಲಿ ಸುಮಾರು 2,900 ಎಕರೆಯಲ್ಲಿ ನೌಕಾಪಡೆಯ ರೇಡಿಯೋ ಕೇಂದ್ರಕ್ಕೆ 2024ರ ಅಕ್ಟೋಬರ್ 15ರಂದು ಅಡಿಗಲ್ಲು ಬಿತ್ತು. ಜಲಾಂತರ್ಗಾಮಿಗಳ ಜೊತೆ ಮಾತಾಡಲು ದೇಶಕ್ಕೆ ಅದು ಬೇಕು ಎಂದು ಸರ್ಕಾರ ಹೇಳಿತು. ನದಿಯ ಹುಟ್ಟಿನ ಕಾಡು ಹೋದರೆ ನೀರು ಎಲ್ಲಿಂದ ಎಂದು ಸುತ್ತಲಿನ ಹಳ್ಳಿಯವರು, ಪರಿಸರದವರು ಕೇಳಿದರು. ಈ ಪ್ರಶ್ನೆಯನ್ನು ಹೈದರಾಬಾದಿನ ಪತ್ರಿಕೆಗಳು ಮೂಸಿಯ ಪ್ರಶ್ನೆ ಎಂದು ಬರೆದವು. ಅದು ಈ ಗುಡ್ಡಸಾಲನ್ನೇ ನೆಚ್ಚಿದ ಸೇಡಂ, ಮಳಖೇಡದ ಪ್ರಶ್ನೆಯೂ ಹೌದು ಎಂದು ಬರೆದವರು ಕಡಿಮೆ. ಕೆಂಪು ಕಲ್ಲು ನೀರು ಹಿಡಿದಿಡುವುದು ಮೇಲೆ ಕಾಡಿದ್ದರೆ ಮಾತ್ರ, ಅದು ಪೂರ್ವಕ್ಕೊಂದು ಪಶ್ಚಿಮಕ್ಕೊಂದು ನ್ಯಾಯ ಮಾಡುವುದಿಲ್ಲ.

ಹೊರನಾಡ ಕನ್ನಡಿಗರು ಎಂದು ನಮ್ಮನ್ನೆಲ್ಲ ಒಂದೇ ಪಟ್ಟಿಯಲ್ಲಿ ಸೇರಿಸುತ್ತಾರೆ. ನವೆಂಬರಿನ ಸಭೆಗಳಲ್ಲಿ ಬೆಂಗಳೂರಿನಿಂದ ಬಂದ ಅತಿಥಿಗಳು ನಾಡಿನಿಂದ ದೂರವಿದ್ದೂ ಭಾಷೆ ಉಳಿಸಿಕೊಂಡಿದ್ದೀರಿ ಎಂದು ಹೊಗಳುತ್ತಾರೆ. ನನ್ನಂಥವನಿಗೆ ಆ ಹೊಗಳಿಕೆ ಒಪ್ಪುತ್ತದೆ, ನಾನು ನಿಜವಾಗಿ ದೂರ ಬಂದವನು. ಆದರೆ ಆ ಸಭೆಯ ಹಿಂದಿನ ಸಾಲಿನಲ್ಲಿ ಕೂತ ಕಲಬುರಗಿ, ಬೀದರ ಸೀಮೆಯ ಹಿರಿಯರು ಎಲ್ಲಿಗೂ ಬಂದವರಲ್ಲ. ಅವರ ಅಪ್ಪಂದಿರು ತಮ್ಮ ರಾಜ್ಯದ ರಾಜಧಾನಿಗೆ ಬಂದಿದ್ದರು, ನಾಡು ಅವರ ಕಾಲ ಕೆಳಗಿನಿಂದ ಸರಿದು ಪಶ್ಚಿಮಕ್ಕೆ ಹೋಯಿತು. ನವೆಂಬರ್ 1 ನಮಗೆ ನಾಡು ಕೂಡಿದ ದಿನ. ಅವರಿಗೆ ಅದೇ ದಿನ ಮನೆ ಎರಡಾಯಿತು. ಎರಡೂ ನಿಜ. ಹಬ್ಬ ಮಾಡುವಾಗ ಎರಡನೆಯದನ್ನೂ ಒಂದು ಮಾತು ಹೇಳಿದರೆ ಹಬ್ಬ ಕೆಡುವುದಿಲ್ಲ.

ಮಳೆಗಾಲದಲ್ಲಿ ಅನಂತಗಿರಿಗೆ ಹೋಗುವ ಕನ್ನಡದ ಸಂಸಾರಗಳಿಗೆ ನಾನು ಹೇಳುವುದಿಷ್ಟು. ಜಲಪಾತ ನೋಡಿ, ಫೋಟೋ ತೆಗೆಯಿರಿ, ಪ್ಲಾಸ್ಟಿಕ್ಕನ್ನು ಅಲ್ಲೇ ಬಿಟ್ಟು ಬರಬೇಡಿ. ಆಮೇಲೆ ಜೊತೆಗಿರುವ ಮಕ್ಕಳಿಗೆ ಎರಡೂ ದಿಕ್ಕು ತೋರಿಸಿ. ಹೈದರಾಬಾದ್ ಆ ಕಡೆ, ಮಳಖೇಡ ಈ ಕಡೆ, ಎರಡಕ್ಕೂ ನೀರು ಇಲ್ಲಿಂದಲೇ ಎಂದು ಹೇಳಿ. ನಮ್ಮೂರು ಯಾವುದು ಎಂದು ಆ ಮಕ್ಕಳನ್ನು ಮುಂದೆ ಯಾರಾದರೂ ಕೇಳಿದಾಗ, ಒಂದೇ ಹೆಸರು ಹೇಳಬೇಕೆಂಬ ಒತ್ತಾಯ ಅವರಿಗೆ ಅಷ್ಟರ ಮಟ್ಟಿಗೆ ಕಡಿಮೆಯಾದೀತು.